ನೀರು ಕುಡಿಯದ ಗಾಡಿ

ಆ ಜರ್ಮನ್ ಗಾಡಿಯನ್ನು ಕೆಡಿಸಿದವನು ನಾನು. ಅದು ತನ್ನ ತಪ್ಪೆಂದು ನನ್ನ ಅಣ್ಣ ಆರು ವರ್ಷ ನಂಬಿಕೊಂಡಿದ್ದ. ನಾನು ನಂಬಲು ಬಿಟ್ಟೆ.

ಎಪ್ಪತ್ತರ ದಶಕದ ನಡುವಿನ ಮಾತು. ಅಣ್ಣ ಮದರಾಸಿನ ಪೆರಂಬೂರು ರೈಲ್ವೆ ವರ್ಕ್‌ಷಾಪಿನಲ್ಲಿ ಫಿಟ್ಟರ್. ನಾನು ಅವನಿಗಿಂತ ಹನ್ನೊಂದು ವರ್ಷ ಚಿಕ್ಕವನು. ಆರನೇ ಕ್ಲಾಸಿಗೇ ಶಾಲೆ ಬಿಟ್ಟು ಪುರಸವಾಕ್ಕಂನ ಒಂದು ಕಾರ್ ಶೆಡ್ಡಿನಲ್ಲಿ ಕೆಲಸ ಕಲಿತು, ಇಪ್ಪತ್ತೆರಡರ ಹೊತ್ತಿಗೆ ಮೆಕ್ಯಾನಿಕ್ ಎನಿಸಿಕೊಂಡಿದ್ದೆ. ಅಪ್ಪ, ಅಮ್ಮ ಇಬ್ಬರೂ ಹೋದ ಮೇಲೆ ಅಣ್ಣ-ಅತ್ತಿಗೆಯ ಕ್ವಾರ್ಟರ್ಸೇ ನನ್ನ ಮನೆಯಾಗಿತ್ತು.

ಗಾಡಿ ಬಿದ್ದಿದ್ದದ್ದು ನುಂಗಂಬಾಕ್ಕಂನ ಹಳೆಯ ಬಂಗಲೆಯೊಂದರ ಶೆಡ್ಡಿನಲ್ಲಿ. ಅಲ್ಲಿ ಬಾಡಿಗೆಗಿದ್ದ ಜರ್ಮನ್ ಎಂಜಿನಿಯರ್ ತನ್ನ ದೇಶಕ್ಕೆ ಮರಳುವಾಗ ಮನೆಯ ಯಜಮಾನರ ಹೆಸರಿಗೆ ಮಾಡಿ ಹೋಗಿದ್ದನಂತೆ. ಎರಡೇ ಸೀಟು, ನೆಲಕ್ಕೆ ಅಂಟಿಕೊಂಡಂತಹ ಮೈ, ಎಂಜಿನ್ ಹಿಂದುಗಡೆ. ಆಗಲೇ ಹದಿನೈದು ವರ್ಷದ ಹಳತು. ಒಳಗಿನ ವೈರುಗಳನ್ನೆಲ್ಲ ಇಲಿ ತಿಂದಿದ್ದವು. ಯಜಮಾನರಿಗೆ ಶೆಡ್ಡು ಖಾಲಿಯಾದರೆ ಸಾಕಾಗಿತ್ತು. ಅವರ ಬಾವಿಯ ಪಂಪು ನೋಡಲು ಹೋದ ಅಣ್ಣ ಈ ಗಾಡಿಯನ್ನು ನೋಡಿ ಬಂದು ಮೂರು ದಿನ ಯಾರೊಂದಿಗೂ ಸರಿಯಾಗಿ ಮಾತಾಡಲಿಲ್ಲ. ನಾಲ್ಕನೆಯ ದಿನ ಅತ್ತಿಗೆಯೇ, "ಹೋಗಿ ತಂದ್ಬಿಡಿ ಅತ್ಲಾಗೆ, ನಿಮ್ಮ ಮುಖ ನೋಡೋಕಾಗಲ್ಲ" ಎಂದರು.

ಲಾರಿಗೆ ಹಗ್ಗ ಕಟ್ಟಿ ಎಳೆದು ತಂದಾಗ ಬೀದಿಗೆ ಬೀದಿಯೇ ನಗಾಡಿತು. ಎದುರು ಮನೆಯ ರೈಲ್ವೆ ಗಾರ್ಡ್ ಒಬ್ಬರು ಮುಂದಿನ ಬಾನೆಟ್ ಎತ್ತಿ ರೇಡಿಯೇಟರ್ ಹುಡುಕಿದರು. ಇದರ ಎಂಜಿನ್ನಿಗೆ ಗಾಳಿಯೇ ಸಾಕು, ನೀರು ಬೇಡ ಎಂದು ಅಣ್ಣ ವಿವರಿಸಿದ. ಆ ವರ್ಷ ನಮ್ಮ ಬೀದಿಯ ನಲ್ಲಿಯಲ್ಲಿ ಎರಡು ದಿನಕ್ಕೊಮ್ಮೆ ನೀರು. ಗಾರ್ಡ್ ಸಾಲಾಗಿಟ್ಟ ಕೊಡಗಳ ಕಡೆ ನೋಡಿ, "ತಣ್ಣಿಯೇ ವೇಣಾಮಾ? ಅಪ್ಪೊ ಇದುದಾನ್ ನಮ್ಮ ಊರು ವಂಡಿ" ಎಂದರು, ನೀರೇ ಬೇಡವೆಂದರೆ ಇದೇ ನಮ್ಮ ಊರಿನ ಗಾಡಿ ಎಂದು. ಅಂದಿನಿಂದ ಅದು ನೀರು ಕುಡಿಯದ ಗಾಡಿ.

ಡ್ಯಾಶ್‌ಬೋರ್ಡಿನ ಡಬ್ಬಿಯಲ್ಲಿ ಒಂದು ದಪ್ಪ ಪುಸ್ತಕ ಸಿಕ್ಕಿತು. ಗಾಡಿಯ ರಿಪೇರಿ ಪುಸ್ತಕ, ಪೂರ್ತಿ ಜರ್ಮನ್ ಭಾಷೆಯಲ್ಲಿ. ಬೇರೆ ಯಾರಾದರೂ ಅದನ್ನು ರದ್ದಿಗೆ ಹಾಕುತ್ತಿದ್ದರು. ಅಣ್ಣ ನುಂಗಂಬಾಕ್ಕಂನಲ್ಲಿ ಸಂಜೆ ನಡೆಯುತ್ತಿದ್ದ ಜರ್ಮನ್ ಕ್ಲಾಸಿಗೆ ಸೇರಿದ. ವಾರಕ್ಕೆರಡು ದಿನ ಶಿಫ್ಟ್ ಮುಗಿಸಿ, ಕೈಯ ಗ್ರೀಸನ್ನು ಸೀಮೆಎಣ್ಣೆಯಲ್ಲಿ ತೊಳೆದುಕೊಂಡು, ಬಸ್ಸು ಹತ್ತಿ ಹೋಗಿ ಕಾಲೇಜು ಹುಡುಗರ ನಡುವೆ ಕೂತು ಬರುತ್ತಿದ್ದ. ಒಂದೂವರೆ ವರ್ಷ ಹೀಗೆ ನಡೆಯಿತು. ಆಮೇಲೆ ಡಿಕ್ಷನರಿ ಇಟ್ಟುಕೊಂಡು ಆ ಪುಸ್ತಕದಲ್ಲಿ ನಮಗೆ ಬೇಕಾದಷ್ಟನ್ನು ಒಂದು ಉದ್ದನೆಯ ನೋಟ್‌ಬುಕ್ಕಿಗೆ ಇಳಿಸಿ, ನನ್ನ ಕೈಗೆ ಕೊಟ್ಟ.

"ಇಂಗ್ಲಿಷಲ್ಲಿ ಬರೆದ್ರೆ ನಿಂಗೆ ತೊಡಕು ಅಂತ ನಮ್ಮ ಮಾತಲ್ಲೇ ಬರ್ದಿದೀನಿ ಕಣೋ. ಇನ್ನು ನನ್ನ ಕಾಯ್ತಾ ಕೂರಬೇಡ" ಎಂದ.

ನನಗೆ ಕನ್ನಡ ಓದಲು ಬರುತ್ತಿರಲಿಲ್ಲ. ಅಣ್ಣ ಹೈಸ್ಕೂಲಿನವರೆಗೆ ಓದಿದ್ದು ಅರಸೀಕೆರೆಯಲ್ಲಿ. ನಾನು ನಾಲ್ಕು ವರ್ಷದವನಿದ್ದಾಗ ಅಪ್ಪನಿಗೆ ಮದರಾಸಿಗೆ ವರ್ಗವಾಯಿತು. ನಾನು ಕಲಿತ ಅಕ್ಷರವೆಲ್ಲ ತಮಿಳು, ಅದೂ ಅರೆಬರೆ. ಮನೆಯಲ್ಲಿ ಅಮ್ಮ ಕನ್ನಡ ಕಲಿಸಲು ಕೂರಿಸಿದಾಗಲೆಲ್ಲ ನಾನು ಬೀದಿಗೆ ಓಡುತ್ತಿದ್ದೆ. ಓದೋಕೆ ಬರುತ್ತೇನೋ ಎಂದು ಅಣ್ಣ ಒಮ್ಮೆ ಕೇಳಿದಾಗ ಬರುತ್ತೆ ಎಂದಿದ್ದೆ. ಅಮ್ಮ ಸತ್ತ ಹೊಸದು ಅದು. ಇಲ್ಲವೆನ್ನಲು ಬಾಯಿ ಬರಲಿಲ್ಲ.

ಈಗಲೂ ಬರಲಿಲ್ಲ. ಶಾಲೆ ಬಿಟ್ಟ ದಡ್ಡ ಎಂದು ಅವನು ನನ್ನನ್ನು ಒಂದು ದಿನವೂ ಆಡಿಕೊಂಡವನಲ್ಲ. ಆದರೂ ಹೇಳಲಿಲ್ಲ. ಬ್ರೇಕು, ವೈರು, ಕಾರ್ಬೊರೇಟರ್ ಎಲ್ಲವನ್ನೂ ಕೈಯ ಅಂದಾಜಿನಲ್ಲೇ ಮಾಡಿದೆ. ಕೆಲಸ ಮಾಡುವಾಗ ನೋಟ್‌ಬುಕ್ಕನ್ನು ಪಕ್ಕದಲ್ಲಿ ಬಿಚ್ಚಿಟ್ಟುಕೊಳ್ಳುತ್ತಿದ್ದೆ. ಓದಿದಂತೆ ಕಾಣಲಿ ಎಂದು ಪುಟದಂಚಿಗೆ ಬೇಕೆಂದೇ ಆಯಿಲ್ ಬೆರಳು ಒತ್ತುತ್ತಿದ್ದೆ. ಇದನ್ನು ಬರೆಯುವಾಗಲೂ ಮೈ ಕುಗ್ಗುತ್ತದೆ.

ಗಾಡಿ ಓಡಿತು. ಅಣ್ಣ ಅತ್ತಿಗೆಯನ್ನು ಅದರಲ್ಲಿ ಬೆಂಗಳೂರು ದಾಟಿಸಿ ಅರಸೀಕೆರೆಯವರೆಗೆ ಕರೆದೊಯ್ಯುವುದೆಂದು ನಿಶ್ಚಯಿಸಿ ರಜೆ ಹಾಕಿದ. ಹೊರಡುವ ಹಿಂದಿನ ಭಾನುವಾರ ಬೆಳಿಗ್ಗೆ ಗಾಡಿಯನ್ನು ಒಂದು ಸುತ್ತು ಓಡಿಸಿ ತಂದು ನಿಲ್ಲಿಸಿ, ನೋಟ್‌ಬುಕ್ ನೋಡಿಕೊಂಡು ಟ್ಯಾಪೆಟ್ ಹೊಂದಿಸಿಡು ಎಂದು ಹೇಳಿ ಡ್ಯೂಟಿಗೆ ಹೋದ. ಟ್ಯಾಪೆಟ್ ಹೊಂದಿಸುವುದೆಂದರೆ ಎಂಜಿನ್ನಿನ ವಾಲ್ವುಗಳಿಗೆ ಕೂದಲೆಳೆಯಷ್ಟು ಸಂದು ಬಿಡುವುದು. ನಮ್ಮ ಶೆಡ್ಡಿಗೆ ಬರುತ್ತಿದ್ದ ಗಾಡಿಗಳಿಗೆಲ್ಲ ಎಂಜಿನ್ ಬಿಸಿಯಿದ್ದಾಗಲೇ ಅದನ್ನು ಮಾಡುತ್ತಿದ್ದೆವು. ನೋಟ್‌ಬುಕ್ ತೆರೆದೆ. ಚಿತ್ರ ನೋಡಿ ಪುಟ ಗುರುತಿಸಿದೆ. ಎಷ್ಟು ಸಂದು ಎಂಬ ಅಂಕಿ ನನಗೆ ಅರ್ಥವಾಯಿತು. ಅದರ ಕೆಳಗೆ ಒಂದು ಸಾಲು, ಅದಕ್ಕೆ ಎರಡು ಗೆರೆ ಎಳೆದಿತ್ತು. ಏನೋ ಮುಖ್ಯವಾದದ್ದು ಎಂದು ಗೊತ್ತಾಯಿತು. ಒಳಗೆ ಅತ್ತಿಗೆ ಇದ್ದರು, ಕೇಳಬಹುದಿತ್ತು. ಎಂಜಿನ್ ಇನ್ನೂ ಕೈ ಸುಡುತ್ತಿದ್ದಾಗಲೇ ಕೆಲಸ ಮುಗಿಸಿಬಿಟ್ಟೆ.

ರಾಣಿಪೇಟೆ ತಲುಪುವ ಮೊದಲೇ ಒಂದು ವಾಲ್ವು ಸುಟ್ಟು ಮುರಿದು ಒಳಗೆ ಬಿದ್ದು, ಪಿಸ್ಟನ್ನನ್ನು ತೂತು ಮಾಡಿತು. ಅಣ್ಣ-ಅತ್ತಿಗೆ ಅರ್ಧ ದಿನ ರಸ್ತೆಯ ಪಕ್ಕದ ಹುಣಸೆಮರದಡಿ ಕೂತು ಲಾರಿಯವನ ಕಾಲು ಹಿಡಿದು ಗಾಡಿಯನ್ನು ವಾಪಸು ತಂದರು. ಎಂಜಿನ್ ಬಿಚ್ಚಿದಾಗ ನಮ್ಮ ಶೆಡ್ಡಿನ ಮೇಸ್ತ್ರಿ, ಟ್ಯಾಪೆಟ್ ಬಿಗಿಯಾಗಿದ್ದಕ್ಕೆ ಹೀಗಾಗಿದೆ ಎಂದರು. ಅಣ್ಣ ನನ್ನ ಕಡೆ ತಿರುಗಿದ.

"ನೋಟ್‌ಬುಕ್ ನೋಡ್ಕೊಂಡೇ ಮಾಡಿದ್ಯೇನೋ?"

"ನೀನು ಬರ್ದಿದ್ದ ಹಾಗೇ ಮಾಡಿದೆ ಅಣ್ಣ."

ಅವನು ಮತ್ತೆ ಕೇಳಲಿಲ್ಲ. ಮಾರನೆಯ ದಿನದಿಂದ ಜರ್ಮನ್ ಪುಸ್ತಕ ಹಿಡಿದು ಕೂತ. ಅಂಕಿಯ ನಡುವೆ ನಾವು ದಶಮಾಂಶದ ಚುಕ್ಕೆ ಇಡುವಲ್ಲಿ ಜರ್ಮನ್ನರು ಕಾಮಾ ಹಾಕುತ್ತಾರಂತೆ. ಆ ಕಾಮಾವನ್ನು ತಾನೇ ತಪ್ಪು ತಿಳಿದು ತಪ್ಪು ಅಳತೆ ಬರೆದೆ ಎಂದು ತೀರ್ಮಾನಿಸಿದ. ಕ್ಲಾಸಿಗೆ ಹೋಗಿ ಮೇಷ್ಟ್ರನ್ನು ಕೇಳಲು ಅವನಿಗೆ ನಾಚಿಕೆ. ಬೇಕಾದ ಸಾಮಾನು ಎಲ್ಲೂ ಸಿಗಲಿಲ್ಲ. ವರ್ಷವೊಂದು ಕಾದು, ಗಾಡಿ ಪುದುಪೇಟೆಯ ಗುಜರಿಗೆ ಹೋಯಿತು. ಸಾಗಿಸಲು ಬಂದವರಿಗೆ ಕೈಕೊಟ್ಟು ತಳ್ಳಿದವನೂ ನಾನೇ.

ನಂತರ ನನಗೆ ಮದುವೆಯಾಯಿತು, ಬೇರೆ ಮನೆ ಮಾಡಿದೆ. ಹೆಂಡತಿ ತುಮಕೂರಿನವಳು. ತವರಿಗೆ ಹೋದವಳು ಬರೆದ ಕಾಗದಕ್ಕೆ ನಾನು ಉತ್ತರಿಸದಿದ್ದಾಗ ಗುಟ್ಟು ರಟ್ಟಾಯಿತು. ಅವಳು ನಗಲಿಲ್ಲ, ಬಂದು, ಮೂರು ತಿಂಗಳು ಕೂರಿಸಿ ಅಕ್ಷರ ತಿದ್ದಿಸಿದಳು. ಓದು ಕೈಹಿಡಿದ ಮೇಲೆ ಆ ನೋಟ್‌ಬುಕ್ ತೆಗೆದೆ. ಎರಡು ಗೆರೆ ಎಳೆದ ಸಾಲಿನಲ್ಲಿ ಹೀಗಿತ್ತು: ಎಂಜಿನ್ ಪೂರ್ತಿ ತಣ್ಣಗಿರಬೇಕು, ಹಿಂದಿನ ದಿನದಿಂದ ಓಡಿಸಿರಬಾರದು.

ಅದನ್ನು ಓದಿದ ಮೇಲೂ ಒಂದು ವರ್ಷ ಸುಮ್ಮನಿದ್ದೆ.

ಎಂಬತ್ತರ ಮೊದಲ ವರ್ಷಗಳಲ್ಲಿ ವರ್ಕ್‌ಷಾಪಿನ ತರಬೇತಿ ಶಾಲೆಗೆ ಅಣ್ಣನನ್ನು ಮಾಸ್ತರನಾಗಿ ಕರೆದರು. ಪಾಠ ಬರೆದು ಕಲಿಸುವ ಕೆಲಸ, ಮೇಲಿನ ದರ್ಜೆ. ಒಲ್ಲೆ ಎಂದನಂತೆ, ಯಾಕೋ ದೇವರೇ ಬಲ್ಲ ಎಂದು ಅತ್ತಿಗೆ ಹೇಳಿದರು. ನಾನು ಜಗಲಿಯಲ್ಲಿ ಕೂತಿದ್ದ ಅವನನ್ನೇ ಕೇಳಿದೆ.

"ಬರೆದು ಕಲಿಸೋದು ನಂಗೆ ಬೇಡಪ್ಪ. ಒಂದ್ಸಲ ಬರೆದು ಗಾಡಿ ಸುಟ್ಟಿದ್ದು ಸಾಕು. ಮೊನ್ನೇನೇ ಬೇಡ ಅಂತ ಕಾಗದ ಕೊಟ್ಟು ಬಂದೆ" ಎಂದ.

ಆಗ ಹೇಳಿದೆ. ಓದಲು ಬಾರದಿದ್ದದ್ದು, ಗೆರೆ ಎಳೆದ ಸಾಲು, ಸುಳ್ಳು, ಎಲ್ಲವನ್ನೂ ತಲೆ ತಗ್ಗಿಸಿಕೊಂಡು ಹೇಳಿದೆ.

"ಹಾಗಾದ್ರೆ ಆ ಕಾಮಾ ಸರಿಯಾಗೇ ಇತ್ತಾ?"

"ಸರಿಯಾಗೇ ಇತ್ತಣ್ಣ."

"ಓದೋಕೆ ಬರಲ್ಲ ಅಂದಿದ್ರೆ ಪಕ್ಕದಲ್ಲಿ ಕೂತು ನಾನೇ ಓದ್ತಿದ್ನಲ್ಲೋ" ಎಂದ. ಬೈಯಲಿಲ್ಲ. ಎದ್ದು ಒಳಗೆ ಹೋದ. ಅವನು ಅತ್ತಿಗೆಗೆ ಹೇಳುವುದು ಜಗಲಿಗೆ ಕೇಳಿಸುತ್ತಿತ್ತು.

"ಅದು ನಾನು ಮಾಡಿದ್ದಲ್ವಂತೆ ಕಣೇ."

"ಯಾವುದು?" ಎಂದರು ಅತ್ತಿಗೆ. ಅವರು ಮರೆತೇಬಿಟ್ಟಿದ್ದರು.

ಅಣ್ಣ ಮೊದಲಿನಿಂದ ವಿವರಿಸಿದ. ಇವನ ಶೆಡ್ಡಿನಲ್ಲಿ ಎಲ್ಲ ಗಾಡಿಗೂ ಬಿಸಿಯಿದ್ದಾಗಲೇ ಮಾಡುವ ರೂಢಿಯಂತೆ, ಕೈ ಅಭ್ಯಾಸ, ಯಾರಾಗಿದ್ದರೂ ಹಾಗೇ ಮಾಡುತ್ತಿದ್ದರು ಎಂದ. ನನಗೆ ಕನ್ನಡ ಓದಲು ಬರುತ್ತಿರಲಿಲ್ಲ ಎಂಬುದನ್ನೂ ನಾನು ಸುಳ್ಳು ಹೇಳಿದ್ದನ್ನೂ ಬಿಟ್ಟುಬಿಟ್ಟ. ಒಳಗೆ ಹೋಗಿ ಆ ಎರಡು ಮಾತು ನಾನೇ ಹೇಳಬೇಕಿತ್ತು. ಚಪ್ಪಲಿ ಮೆಟ್ಟಿಕೊಂಡು ಬಸ್‌ಸ್ಟಾಪಿನ ಕಡೆ ನಡೆದೆ.