ಕಿಟಕಿಗೆ ಬೆನ್ನು ಮಾಡಿ ನಿಂತವರು

ಪಕ್ಕದ ಮನೆಯ ಕಾಕಾ ಉಸಿರೆಳೆದರೆ ಕೊರಳ ಬುಡದ ಎರಡು ಗುಳಿಗಳು ಒಳಕ್ಕೆ ಜಗ್ಗುತ್ತಿದ್ದವು. ಅದು ಯಾರಿಗೂ ಕಾಣಬಾರದೆಂದು ಎಂಥ ಬಿಸಿಲಿನಲ್ಲೂ ಅಂಗಿಯ ಮೇಲಿನ ಗುಂಡಿ ಹಾಕಿಕೊಂಡೇ ಇರುತ್ತಿದ್ದರು. ಆದರೆ ಭುಜಗಳನ್ನು ಮುಚ್ಚಿಡುವುದು ಹೇಗೆ? ಸುಮ್ಮನೆ ಕಟ್ಟೆಯ ಮೇಲೆ ಕೂತಾಗಲೂ ಅವು ಮೇಲೆ ಕೆಳಗೆ ಆಡುತ್ತಲೇ ಇರುತ್ತಿದ್ದವು, ಈಗಷ್ಟೇ ಚೀಲ ಹೊತ್ತು ಇಳಿಸಿದವರ ಹಾಗೆ. ಇವತ್ತಿಗೂ ನಾನು ಯಾರ ಜೊತೆ ಮಾತಿಗೆ ನಿಂತರೂ ಮೊದಲು ಅವರ ಭುಜ ನೋಡುತ್ತೇನೆ. ಈ ಚಟ ಹೋಗಿಲ್ಲ, ಹೋಗುವ ಲಕ್ಷಣವೂ ಇಲ್ಲ.

ಸಂಬಂಧದಲ್ಲಿ ಅವರು ನಮಗೆ ಏನೂ ಅಲ್ಲ. ಬ್ಯಾಡಗಿಯ ನಮ್ಮ ಓಣಿಯಲ್ಲಿ ಎರಡೂ ಮನೆಗೆ ಒಂದೇ ನಡುಗೋಡೆ, ಅಷ್ಟೆ. ಆಚೆಯ ಜಗಳ, ಒಗ್ಗರಣೆ, ಸೀನು ಎಲ್ಲ ನಮಗೆ ಕೇಳುತ್ತಿತ್ತು, ನಮ್ಮದು ಅವರಿಗೆ. ಕಾಕಾ ಮೆಣಸಿನಕಾಯಿ ದಲಾಲಿ ಅಂಗಡಿಯೊಂದರಲ್ಲಿ ಗುಮಾಸ್ತರಾಗಿದ್ದರು. ಮಾತು ಶುರುವಾದರೆ ನಿಲ್ಲುವ ಜಾಯಮಾನವಲ್ಲ. ಯಾರಾದರೂ ನಂಬದಿದ್ದರೆ, "ಖರೇ ಹೇಳಾಕತ್ತೇನ್ರಿ. ಸುಳ್ಳಾದ್ರ ಇದ ಕೈಲೆ ಕಣ್ಣು ಒರಸ್ಕೋತೇನಿ" ಎಂದು ಬೆರಳು ಚಾಚುತ್ತಿದ್ದರು. ದಿನವಿಡೀ ಮೆಣಸಿನಕಾಯಿ ಮುಟ್ಟಿದ ಕೈ ಅದು. ಆ ಆಣೆಗೆ ಎದುರಾಡಿದವರನ್ನು ನಾನು ಕಾಣೆ. ನಾನು ರಾಣೆಬೆನ್ನೂರಿನ ಕಾಲೇಜಿಗೆ ಪಾಠ ಹೇಳಲು ಸೇರಿದ ಮೇಲೆ ಸಂಜೆ ಬಸ್ಸಿಳಿದು ಬರುವ ನನಗೆ ಅವರದು ಒಂದೇ ಪ್ರಶ್ನೆ: "ಏನ್ ಅಕ್ಕೋರ, ಇವತ್ತ ನಿಮ್ಮ ಪಾಠ ಕೇಳಿ ಎಷ್ಟ ಮಂದಿ ನಿದ್ದಿ ಹೋದ್ರು?" ಒಮ್ಮೆಯೂ ನಾನು ಸರಿಯಾದ ಉತ್ತರ ಕೊಟ್ಟಿಲ್ಲ.

ಅವರಿಗೆ ಟಿ.ಬಿ. ಬಂದದ್ದು ಓಣಿಗೆಲ್ಲ ಗೊತ್ತಾಯಿತು. ಗೊತ್ತಾಗುವ ಮೊದಲು ಅವರು ಬಹಳ ದಿನ ಕೆಮ್ಮಿದ್ದರು. ಮೆಣಸಿನಕಾಯಿ ಊರಿನಲ್ಲಿ ಕೆಮ್ಮಿಗೆ ಯಾರು ದವಾಖಾನೆಗೆ ಹೋಗುತ್ತಾರೆ? ಗೊತ್ತಾದ ಮೇಲೆ ಮಾತ್ರ ಗುಳಿಗೆಯನ್ನು ಒಂದು ದಿನವೂ ತಪ್ಪಿಸಲಿಲ್ಲ. ಕೊನೆಗೆ ಕಫದ ಪರೀಕ್ಷೆಯಲ್ಲಿ ಏನೂ ಇಲ್ಲವೆಂದು ಬಂದ ದಿನ ಅವರ ಹೆಂಡತಿ, ನಮ್ಮ ಕಾಕಿ, ಓಣಿಯಲ್ಲಿ ಪೇಢೆ ಹಂಚಿದರು. ಕೆಲವರು ಅಲ್ಲೇ ಬಾಯಿಗೆ ಹಾಕಿಕೊಂಡರು, ಕೆಲವರು ಕೈಯಲ್ಲಿ ಹಿಡಿದುಕೊಂಡು ಒಳಗೆ ಹೋದರು.

ರೋಗವೇನೋ ಹೋಗಿತ್ತು. ಕೆಮ್ಮು ಮತ್ತು ಏದುಸಿರು ಮಾತ್ರ ಉಳಿದವು. ಗುಣವಾದ ಮನುಷ್ಯ ಯಾಕೆ ಹೀಗೆ ಏದುತ್ತಾನೆ ಎಂದು ಯಾರೂ ಕೇಳಲಿಲ್ಲ, ಕೆಮ್ಮಿದಾಗಲೆಲ್ಲ ರೋಗ ತಿರುಗಿ ಬಂತೆಂದೇ ತಿಳಿದರು. ಚಹಾದ ಅಂಗಡಿಯಲ್ಲಿ ಎಲ್ಲರಿಗೂ ಗಾಜಿನ ಗ್ಲಾಸು, ಕಾಕಾಗೆ ಕಾಗದದ ಕಪ್ಪು. "ನನಗೊಬ್ಬಂಗ ಹೊಸಾದು ಕೊಡ್ತಾರ ನೋಡ, ವಿಐಪಿ" ಎಂದು ನಗುತ್ತಿದ್ದರು. ಒಂದು ಮದುವೆಯ ಊಟದ ಸಾಲಿನಲ್ಲಿ ಅವರ ಎಡಬಲದ ಎಲೆಗಳು ಖಾಲಿ ಉಳಿದವು. ಅವತ್ತು ನಗಲಿಲ್ಲ. ಬಡಿಸಿದ್ದನ್ನು ಹಾಗೇ ಬಿಟ್ಟು ಎದ್ದು ಬಂದರು.

ಅಂಗಡಿಯ ಮಾಲೀಕರು ಒಳ್ಳೆಯವರು. ಧೂಳು ಬೇಡ, ಒಳಗೆ ಗಾದಿಯ ಮೇಲೆ ಕುಳಿತೇ ಕೆಲಸ ಮಾಡಿರಿ ಎಂದಿದ್ದರು. ಕಾಕಾ ಒಪ್ಪದೆ, ಹೊರಗೆ ಮೆಣಸಿನಕಾಯಿ ರಾಶಿಗಳ ಹತ್ತಿರದ ಕೆಲಸವನ್ನೇ ಕೇಳಿ ಪಡೆದರು. ಇದೆಂಥ ಹುಚ್ಚು ಎಂದು ಕಾಕಿ ದಿನವೂ ಜಗಳಾಡುತ್ತಿದ್ದರು. ನನಗೂ ಕಾರಣ ತಿಳಿದಿರಲಿಲ್ಲ, ಮನೆಗೆ ವರ್ಷದ ಖಾರಕ್ಕೆ ಮೆಣಸಿನಕಾಯಿ ಆರಿಸಲು ನಾನೇ ಒಮ್ಮೆ ಪೇಟೆಗೆ ಹೋಗುವವರೆಗೆ.

ಒಳಗೆ ಕಾಲಿಡುತ್ತಲೇ ಘಾಟು ಗಂಟಲಿಗೆ ಹತ್ತಿತು. ಕಣ್ಣು ಹಾಯುವಷ್ಟೂ ಕೆಂಪು. ಹಮಾಲರು, ರೈತರು, ಖರೀದಿದಾರರು, ತೊಟ್ಟು ಮುರಿಯುವ ಹೆಂಗಸರು, ಎಲ್ಲರೂ ಕೆಮ್ಮುತ್ತಿದ್ದರು, ಸೀನುತ್ತಿದ್ದರು, ಟವೆಲಿನಲ್ಲಿ ಮೂಗು ಒರೆಸಿಕೊಳ್ಳುತ್ತಿದ್ದರು. ನಡುವೆ ಕಾಕಾ ಚೀಲವೊಂದಕ್ಕೆ ಕೈಯೂರಿ, ಬಾಗಿ, ಕರುಳು ಕಿತ್ತು ಬರುವಂತೆ ಕೆಮ್ಮುತ್ತಿದ್ದರು. ಒಬ್ಬರೂ ತಿರುಗಿ ನೋಡಲಿಲ್ಲ. ಒಬ್ಬ ಹಮಾಲ ತಾನು ಅರ್ಧ ಕುಡಿದ ಚಹಾದ ಗ್ಲಾಸನ್ನು ಅವರ ಕೈಗೆ ಕೊಟ್ಟ, ಇವರು ಉಳಿದರ್ಧ ಕುಡಿದರು. ಆಮೇಲೆ ನನ್ನನ್ನು ಕಂಡರು. ಕಣ್ಣಲ್ಲಿ ನೀರು, ಮುಖದಲ್ಲಿ ನಗು.

"ನೋಡಿದ್ಯಾ ತಂಗಿ? ಇಲ್ಲಿ ಎಲ್ಲಾರೂ ಕೆಮ್ಮತಾರ. ಯಾರ ಕೆಮ್ಮಂತ ಯಾರೂ ಕೇಳಂಗಿಲ್ಲ."

ಗಟ್ಟಿಮುಟ್ಟಾದವರೇ ತಾಳಲಾರದ ಆ ಧೂಳಿನಲ್ಲಿ ಕಾಕಾ ಹೋಗಿ ನಿಂತದ್ದು ಮನುಷ್ಯರ ನಡುವೆ ಮನುಷ್ಯನಾಗಿ ಇರಲು. ಮೆಣಸಿನಕಾಯಿ ಕೊಂಡುಕೊಳ್ಳದೇ ಮನೆಗೆ ಬಂದೆ.

ಅದಾಗಿ ಒಂದು ವರ್ಷಕ್ಕೆ ನನಗೇ ಟಿ.ಬಿ. ಬಂತು. ಓಣಿಗೆ ಬೇರೆ ಲೆಕ್ಕವೇ ಇರಲಿಲ್ಲ. ನಡುಗೋಡೆ ಒಂದೇ, ಕೆಮ್ಮುವವನು ಆಚೆ, ಇನ್ನು ಕೇಳುವುದೇನು? ಆ ಮಾತು ಕಾಕಾನ ಕಿವಿಗೂ ಬಿತ್ತು. ನಮ್ಮ ಹೊಸ್ತಿಲು ತುಳಿಯುವುದನ್ನು ಅವರು ಅವತ್ತೇ ಬಿಟ್ಟರು.

ಮರುದಿನ ಬೆಳಿಗ್ಗೆ ನಾನು ಮಲಗುವ ಕೋಣೆಯ ಕಿಟಕಿಯಾಚೆ ಸದ್ದಾಯಿತು. ನೋಡಿದರೆ ಕಾಕಾ, ನನಗೆ ಬೆನ್ನು ತಿರುಗಿಸಿ, ರಸ್ತೆಯ ಕಡೆ ಮುಖ ಮಾಡಿ ನಿಂತಿದ್ದಾರೆ. ತಮ್ಮ ಉಸಿರು ನನ್ನ ಕಡೆ ಬರಬಾರದು, ಅದಕ್ಕೆ.

"ಗುಳಿಗಿ ತಗೊಂಡ್ಯಾ?"

"ತಗೊಂಡೇನ್ರಿ ಕಾಕಾ. ಒಳಗ ಬರ್ರಿ."

"ವಾಂತಿ ಬಂದಂಗ ಆಕ್ಕೈತಿ, ಬಿಡಬ್ಯಾಡ. ಮ್ಯಾಲ ಒಂದ ತುಣುಕು ಬೆಲ್ಲಾ ಬಾಯಾಗ ಇಟ್ಕೋ. ಆರಾಮಾತಂತ ನಡುವ ಬಿಟ್ಟವರ ಗತಿ ನಾ ಕಂಡೇನಿ."

ಕೋರ್ಸು ಮುಗಿಯುವವರೆಗೆ ದಿನವೂ ಹೀಗೇ ಬಂದರು. ಆ ತಿಂಗಳುಗಳಲ್ಲಿ ನಾನು ಅವರ ಮುಖ ನೋಡಿದ್ದೇ ಇಲ್ಲ. ಬೋಳು ಕತ್ತು, ಅಂಗಿಯ ಕಾಲರು, ಏರಿಳಿಯುವ ಎರಡು ಭುಜ. ಗುಳಿಗೆ ಎಸೆದುಬಿಡೋಣ ಎನ್ನಿಸಿದ ಬೆಳಗುಗಳು ನನಗೆ ಬಹಳ ಇದ್ದವು. ಆ ಬೆನ್ನಿಗೆ ಸುಳ್ಳು ಹೇಳಲಾಗದೆ ನುಂಗಿದೆ. ಈಗಲೂ ಬೆಳಗಿನ ಹೊತ್ತು ಆ ಕಿಟಕಿ ತೆರೆಯುವಾಗ ಕೈ ಒಂದು ಕ್ಷಣ ತಡೆಯುತ್ತದೆ. ಯಾರೋ ನಿಂತಿದ್ದಾರೆ, ತೆರೆದರೆ ಅವರ ಬೆನ್ನಿಗೆ ತಗಲುತ್ತದೆ ಎನ್ನಿಸುತ್ತದೆ.

ನನಗೆ ಪೂರ್ತಿ ಗುಣವಾಯಿತು. ಅವರನ್ನು ಹಟಮಾಡಿ ಹಾವೇರಿಯ ಎದೆರೋಗದ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ತೋರಿಸಿದರು. "ಟಿ.ಬಿ. ಇಲ್ರಿ ನಿಮಗ. ಬೆಂಕಿ ಆರೈತಿ, ಸುಟ್ಟ ಕಲೆ ಉಳದಾವು. ಆ ಭಾಗ ಮೊದಲಿನಂಗ ಹಿಗ್ಗಂಗಿಲ್ಲ, ಅದಕ್ಕ ದಮ್ಮು." ಬಾಯಿಗಿಟ್ಟು ಎಳೆಯುವ ಪಂಪು ಬರೆದುಕೊಟ್ಟರು. ತುಟಿ ಸಣ್ಣಗೆ ಮಾಡಿ ನಿಧಾನ ಉಸಿರು ಬಿಡುವುದನ್ನು ಕಲಿಸಿದರು. ದಿನಾ ತಾಳಿದಷ್ಟು ನಡೆಯಿರಿ, ಮೆಣಸಿನಕಾಯಿ ಧೂಳಿನ ಕಡೆ ತಲೆ ಹಾಕಿಯೂ ಮಲಗಬೇಡಿರಿ ಎಂದರು. ಕಾಕಾ ಎಲ್ಲದಕ್ಕೂ ತಲೆಯಾಡಿಸಿ, ಕೊನೆಗೆ ನನ್ನ ಕಡೆ ಬೆರಳು ಮಾಡಿ ಕೇಳಿದರು:

"ಈಕಿಗೆ ನನ್ನಿಂದ ಬಂತೇನ್ರಿ ಸಾಹೇಬ್ರ?"

"ಇಲ್ರಿ. ನಿಮ್ಮ ಕೋರ್ಸು ಮುಗದಿತ್ತು, ಕಫಾ ಸ್ವಚ್ಛ ಇತ್ತು. ಆಮ್ಯಾಲೆ ನಿಮ್ಮಿಂದ ಯಾರಿಗೂ ಬರಂಗಿಲ್ಲ."

"ಅದಕ್ಕಿಂತ ಮೊದಲ? ಗುಳಿಗಿ ಚಾಲೂ ಮಾಡೂಕಿಂತ ಮೊದಲ ಭಾಳ ಕೆಮ್ಮೇನ್ರಿ ನಾನು."

ಡಾಕ್ಟರು ಎಕ್ಸ್‌ರೇಯನ್ನು ಲಕೋಟೆಯೊಳಗೆ ಹಾಕಿ ಕಾಕಾನ ಕೈಗೆ ಕೊಟ್ಟರು. "ಅದನ್ನ ಯಾರೂ ಹೇಳಾಕ ಬರಂಗಿಲ್ರಿ. ದಿನಾ ಬಸ್ಸಿನಾಗ ಓಡಾಡತಾರ, ಎಲ್ಲಿಂದರ ಬಂದಿರಬಹುದು."

ಬಸ್ಸಿನಲ್ಲಿ ತಿರುಗಿ ಬರುವಾಗ ಕಾಕಾ ಕಿಟಕಿಯಾಚೆ ನೋಡುತ್ತ ಕೂತಿದ್ದರು. ಬ್ಯಾಡಗಿ ಹತ್ತಿರ ಬಂದಾಗ, "ಡಾಕ್ಟರ್ ಖರೇ ಮನಷ್ಯಾ. ಸುಳ್ಳ ಹೇಳಾಕ ಬರಲಿಲ್ಲ ಅವಗ" ಎಂದರು.

"ಬಂದಿದ್ರ ಬಂದಿರ್ಲಿ ಬಿಡ್ರಿ ಕಾಕಾ. ಈಗ ಹೋತಲ್ಲ."

"ನಿಂದು ಹೋತವಾ. ಅಷ್ಟ ಸಾಕು."

ಕೆಲವು ತಿಂಗಳು ಮನೆಯಲ್ಲಿ ಕೂತರು. ಪಂಪು ಎಳೆದರು, ಓಣಿಯ ತುದಿಯವರೆಗೆ ನಡೆದು ಬರುತ್ತಿದ್ದರು, ಮುಖಕ್ಕೆ ಕಳೆ ಬಂತು. ಹಳೆಯ ತಮಾಷೆಯೂ ತಿರುಗಿ ಬರಬಹುದೆಂದು ನಾನು ಕಾದೆ. ಸುಗ್ಗಿ ಬಂತು, ಊರು ತುಂಬ ಕೆಂಪು ಚೀಲಗಳ ಗಾಡಿ. ಒಂದು ಬೆಳಿಗ್ಗೆ ಮೇಲಿನ ಗುಂಡಿ ಹಾಕಿಕೊಂಡು ಪೇಟೆಗೆ ಹೊರಟೇಬಿಟ್ಟರು. ನಾನು ಓಡಿ ಹೋಗಿ ದಾರಿಗೆ ಅಡ್ಡ ನಿಂತೆ, ಬೈದೆ, ಅತ್ತೆ. ಅವರು ರಸ್ತೆಯ ಆಚೆ ಬದಿಗೆ ಸರಿದು ನಿಂತು ಹೇಳಿದರು: "ಮನ್ಯಾಗ ಕುಂತ್ರ ನನ್ನ ಕೆಮ್ಮು ನನಗ ಕೇಳತೈತಿ, ಯವ್ವಾ. ಒಂದೊಂದ ಕೆಮ್ಮಿಗೂ ನೀ ನೆನಪಾಗ್ತಿ. ಅಲ್ಲಿ ಗದ್ದಲದಾಗ ಕೇಳಂಗಿಲ್ಲ."

ನಾನು ದಾರಿ ಬಿಟ್ಟೆ.

ಆ ಸುಗ್ಗಿ ಮುಗಿಯುವುದರೊಳಗೆ ಅವರೂ ಮುಗಿದರು. ಹಾವೇರಿಯ ದವಾಖಾನೆಯಲ್ಲಿ ಆಮ್ಲಜನಕ ಹಚ್ಚಿದ್ದರಂತೆ, ಬಹಳ ದಿನ ನಡೆಯಲಿಲ್ಲ. ನೋಡಲು ನನ್ನನ್ನು ಅವರು ಬರಗೊಡಲೇ ಇಲ್ಲ. ನಾನು ಕಾಲೇಜಿನಿಂದ ಓಡಿ ಬರುವ ಹೊತ್ತಿಗೆ ಅವರನ್ನು ಮನೆಗೆ ತಂದು ಪಡಸಾಲೆಯಲ್ಲಿ ಗೋಡೆಗೆ ಒರಗಿಸಿ ಕೂರಿಸಿದ್ದರು. ಹಣೆತುಂಬ ವಿಭೂತಿ, ಕೊರಳತುಂಬ ಹೂವು. ಭುಜಗಳು ಅಲುಗುತ್ತಿರಲಿಲ್ಲ.

ಹೊಸ್ತಿಲಲ್ಲೇ ಕಾಕಿ ನನ್ನ ರಟ್ಟೆ ಹಿಡಿದರು. "ಹತ್ರ ಹೋಗಬ್ಯಾಡವಾ. ಅವರ ಹೇಳಿ ಹೋಗ್ಯಾರ. ಆಕಿ ಅಳಕೋತ ನನ್ನ ಮ್ಯಾಲ ಬೀಳ್ತಾಳ, ದೂರ ನಿಂದ್ರಸು ಅಂದಾರ."

ಓಣಿಯ ಹೆಂಗಸರೆಲ್ಲ ಸೆರಗು ಮೂಗಿಗೆ ಹಿಡಿದು ಗೋಡೆಗುಂಟ ನಿಂತಿದ್ದರು. ನಾನು ಕಾಕಿಯ ಕೈ ಬಿಡಿಸಿಕೊಂಡು ಹೋಗಿ ಅವರ ಎದುರು ಮೊಣಕಾಲೂರಿದೆ. ಎಷ್ಟೋ ದಿನಗಳ ಮೇಲೆ ಆ ಮುಖ ನನ್ನ ಕಡೆಗಿತ್ತು. ಈ ಸಲ ತಿರುಗಿಸಿಕೊಳ್ಳಲು ಅವರಿಗೆ ಆಗಲಿಲ್ಲ. ನನ್ನ ಮುಖವನ್ನು ಅವರ ಮುಖದ ಹತ್ತಿರ, ಮೂಗಿಗೆ ಮೂಗು ತಾಗುವಷ್ಟು ಹತ್ತಿರ ಒಯ್ದು, ತುಂಬು ಉಸಿರೆಳೆದೆ. ಎದೆಯ ತಳದವರೆಗೆ ಇಳಿಯಿತು, ಎಲ್ಲಿಯೂ ತಡೆಯಲಿಲ್ಲ.

"ನೋಡ್ರಿ ಕಾಕಾ" ಎಂದೆ.