ಲೈಟ್ ದಿನದ ಮಾಸ್ಟ್ರು

ಮಾಸ್ಟ್ರ ಅಂಗೈಯಲ್ಲಿ ಬೆರಳುಗಳ ಬುಡಕ್ಕೆ ಸಾಲಾಗಿ ಹಳದಿ ಜಡ್ಡುಗಳಿದ್ದವು. ಕಬ್ಬಿಣದ ರಾಡು ಹಿಡಿದು ಹಿಡಿದು ಗಟ್ಟಿಯಾದ ಚರ್ಮ. ಸಂಜೆ ಜಿಮ್ಮಿನ ಮೆಟ್ಟಿಲ ಮೇಲೆ ಕುಳಿತು ಅದನ್ನು ಒರಟು ಕಲ್ಲಿನಿಂದ ತಿಕ್ಕಿ, ತೆಂಗಿನೆಣ್ಣೆ ಸವರಿಕೊಳ್ಳುತ್ತಿದ್ದರು. ಜಿಮ್ಮಿನ ಹುಡುಗರು ಹಿಂದಿನಿಂದ ನಗುತ್ತಿದ್ದರು. ಆ ಎಣ್ಣೆಯ ಅಭ್ಯಾಸ ಶುರುವಾದದ್ದು ಅವರು ನಮ್ಮ ಮನೆಗೆ ಬರತೊಡಗಿದ ಮೇಲೆ.

ಸುಳ್ಯ ಪೇಟೆಯಲ್ಲಿ ನಾನು ಕೆಲಸ ಮಾಡುವ ಬಟ್ಟೆ ಅಂಗಡಿಯ ಮಹಡಿಯಲ್ಲೇ ಅವರ ಜಿಮ್ಮು. ಬ್ಯಾರಿ ಮುಸ್ಲಿಮರ ಮನೆತನದವರು, ಬಹಳ ವರ್ಷ ಗಲ್ಫಿನಲ್ಲಿ ದುಡಿದು ಬಂದವರು. ಎಲ್ಲರಿಗೂ ಅವರು ಮಾಸ್ಟ್ರು. ಬೆನ್ನಿನ ಸ್ನಾಯು ಗಟ್ಟಿ ಮಾಡಿಕೊಳ್ಳಿ ಎಂದು ಡಾಕ್ಟರು ಹೇಳಿದ್ದರಿಂದ, ಐವತ್ತರ ಹತ್ತಿರ ಬಂದ ನಾನು ಚೂಡಿದಾರಕ್ಕೆ ಪಿನ್ನು ಹಾಕಿಕೊಂಡು ಆ ಮೆಟ್ಟಿಲು ಹತ್ತಿದೆ. ಅವರು ಮೊದಲು ಹೇಳಿದ ಮಾತು ಒಂದೇ: "ಅಕ್ಕ, ಇಲ್ಲಿ ಒಂದು ದಿನ ಹೆವಿ, ಮರುದಿನ ಲೈಟ್. ಗಟ್ಟಿ ಆಗುದು ಎತ್ತುವಾಗ ಅಲ್ಲ, ಬಿಡುವು ಕೊಟ್ಟಾಗ."

ಹುಡುಗರಿಗೆ ದಿನವೂ ಹೆವಿಯೇ ಬೇಕು. ಲೈಟ್ ದಿನ ಯಾರಾದರೂ ಕದ್ದು ರಾಡಿಗೆ ಒಂದು ಕಬ್ಬಿಣದ ತಟ್ಟೆ ಹೆಚ್ಚಿಗೆ ಹಾಕಿದರೆ ಮಾಸ್ಟ್ರು ಮಾತಾಡದೆ ಹೋಗಿ ಅದನ್ನು ತೆಗೆದಿಡುತ್ತಿದ್ದರು. "ಹೆವಿ ಮಾಡಿಸ್ಲಿಕ್ಕೆ ಯಾರಿಗಾದ್ರೂ ಬರ್ತದೆ ಮಾರಾಯ. ನಿಮ್ಮನ್ನು ಸುಮ್ಮನೆ ಇರಿಸುದೇ ನನಗೆ ಕಷ್ಟ."

ನಾನು ಅವರಿಗೆ ಒಂದು ವಿಷಯ ಹೇಳಿರಲಿಲ್ಲ. ಸುಳ್ಯ–ಪುತ್ತೂರು ಬಸ್ಸು ಓಡಿಸುತ್ತಿದ್ದ ನನ್ನ ಯಜಮಾನರಿಗೆ ಸ್ಟ್ರೋಕ್ ಆಗಿ ಬಲಗೈ, ಬಲಗಾಲು ಬಿದ್ದುಹೋಗಿದ್ದವು. ಬೆಳಿಗ್ಗೆ ಮಂಚದಿಂದ ಕುರ್ಚಿಗೆ, ಸಂಜೆ ಕುರ್ಚಿಯಿಂದ ಮಂಚಕ್ಕೆ ಅವರನ್ನು ಎತ್ತುವವಳು ನಾನು. ಅತ್ತೆ ಊಟ ಕೊಡಬಲ್ಲರು, ಎತ್ತಲಾರರು. ಅಂಗಡಿಗೆ ಬಂದವರೆಲ್ಲ ಸೀರೆ ಬಿಡಿಸುವ ಮೊದಲು "ಯಜಮಾನ್ರು ಹೇಗಿದ್ದಾರೆ" ಎಂದು ಮುಖ ಸಣ್ಣ ಮಾಡುತ್ತಿದ್ದರು. ಆ ಮುಖಗಳನ್ನು ನೋಡಿ ನನಗೆ ಸಾಕಾಗಿತ್ತು. ಮಹಡಿಯ ಮೇಲಾದರೂ ನಾನು ಬರೀ ಬೆನ್ನುನೋವಿನ ಹೆಂಗಸಾಗಿ ಇರೋಣ ಎಂದುಕೊಂಡಿದ್ದೆ.

ಒಂದು ಲೈಟ್ ದಿನ ಮೈಯಲ್ಲಿ ಸ್ವಲ್ಪ ಕಸುವು ಉಳಿದಿತ್ತು. ಉಳಿದದ್ದನ್ನು ಹಾಳು ಮಾಡುವುದೇಕೆಂದು ಮನೆಗೆ ಹೋಗಿ, ಹಿತ್ತಿಲಲ್ಲಿ ಒಣಗಿದ್ದ ರಬ್ಬರ್ ಶೀಟಿನ ಕಟ್ಟುಗಳನ್ನೆಲ್ಲ ಅಟ್ಟಕ್ಕೆ ಸಾಗಿಸಿದೆ. ನಮ್ಮ ಕಡೆಯ ಹೆಂಗಸರಿಗೆ ಮನೆಕೆಲಸ ಭಾರ ಎಂದು ಅನ್ನಿಸುವುದೇ ಇಲ್ಲ. ಮರುದಿನ ಸೊಂಟ ಹಿಡಿದು, ಅಂಗಡಿಯಲ್ಲಿ ಬಗ್ಗಲಾಗದೆ ನಿಂತಿದ್ದೆ. ಮಾಸ್ಟ್ರು ಕೆಳಗೆ ಬಂದರು.

"ನಿನ್ನೆ ಮನೆಯಲ್ಲಿ ಎಂತ ಎತ್ತಿದ್ದು?"

ಹೇಳಿದೆ.

"ಎತ್ತಿದ್ದು ಕಬ್ಬಿಣವಾ ರಬ್ಬರಾ ಅಂತ ಬೆನ್ನಿಗೆ ಗೊತ್ತಾಗುದಿಲ್ಲ ಅಕ್ಕ. ಮತ್ತೆಂತ ಉಂಟು ಎತ್ಲಿಕ್ಕೆ?"

ದಣಿವಿಗೆ ಸುಳ್ಳು ಹೇಳುವ ಶಕ್ತಿಯೂ ಇರುವುದಿಲ್ಲ. ಎಲ್ಲ ಹೇಳಿಬಿಟ್ಟೆ. ಇನ್ನೊಮ್ಮೆ ಹೀಗೆ ಬೆನ್ನು ಹಿಡಿದರೆ ಯಜಮಾನರು ಮಂಚದಲ್ಲೇ ಉಳಿಯಬೇಕು ಎಂಬ ಹೆದರಿಕೆಯನ್ನೂ ಹೇಳಿದೆ. ಮಾಸ್ಟ್ರು ಮುಖ ಸಣ್ಣ ಮಾಡಲಿಲ್ಲ. "ಹಾಗಾದ್ರೆ ನಿಮಗೆ ಲೈಟ್ ದಿನವೇ ಇಲ್ಲ. ಇಷ್ಟು ದಿನ ನಾನು ಎಂತ ಮಾಡಿಸಿದ್ದು ನಿಮ್ಮಿಂದ" ಎಂದು ತಮ್ಮನ್ನೇ ಬೈದುಕೊಂಡರು.

ಅಂದಿನಿಂದ ನನ್ನ ಲೈಟ್ ದಿನದ ಸಂಜೆ, ನನ್ನ ಬದಲು ಯಜಮಾನರನ್ನು ಎತ್ತಲೆಂದು ಅವರ ಸ್ಕೂಟರು ನಮ್ಮ ಅಂಗಳಕ್ಕೆ ಬರತೊಡಗಿತು. ಮೊದಲ ದಿನ ಯಜಮಾನರು ಗೋಡೆಯ ಕಡೆ ಮುಖ ತಿರುಗಿಸಿ ಕುಳಿತರು. ಪರರ ಕೈಯಲ್ಲಿ ಮೂಟೆಯಾಗುವುದು ಯಾರಿಗೆ ಬೇಕು? ಮಾಸ್ಟ್ರು ಎದುರಿಗೆ ಕುಕ್ಕರಗಾಲಲ್ಲಿ ಕುಳಿತರು.

"ನಾನು ಒಂದು, ಎರಡು ಹೇಳ್ತೇನೆ. ಮೂರು ನೀವು ಹೇಳ್ಬೇಕು. ನೀವು ಹೇಳದೆ ನಾನು ಎತ್ತುದಿಲ್ಲ."

ಯಜಮಾನರ ಮಾತು ಆಗ ತೊದಲು. ಬಹಳ ಹೊತ್ತಿನ ಮೇಲೆ "ಮೂ..." ಎಂದರು. ಮಾಸ್ಟ್ರು ಎತ್ತಿದರು. ಕಾಯಿಲೆ ಬಿದ್ದ ಮೇಲೆ ನಮ್ಮ ಮನೆಯಲ್ಲಿ ಯಜಮಾನರು ಹೇಳಿದಂತೆ ನಡೆದ ಮೊದಲ ಕೆಲಸ ಅದು. ತಮ್ಮ ಜಡ್ಡು ತಾಗಿ ಯಜಮಾನರ ಕಂಕುಳ ಬಳಿ ಕೆಂಪಗಾದದ್ದನ್ನು ಕಂಡು, ಮುಂದಿನ ಸಲ ಮಾಸ್ಟ್ರು ಅಂಗೈಗೆ ಎಣ್ಣೆ ಹಚ್ಚಿಕೊಂಡೇ ಬಂದರು.

ರಂಜಾನಿನಲ್ಲಾದರೂ ಬರಬೇಡಿ ಎಂದೆ. "ಉಪವಾಸ ಹೊಟ್ಟೆಗೆ ಅಕ್ಕ, ಕೈಗಲ್ಲ" ಎಂದರು. ಬೇರೆ ದಿನಗಳಲ್ಲಿ ನಾನು ಚಾ ಮಾಡಿ ತರುವ ತನಕ ಒಳಗಿನಿಂದ ಇಬ್ಬರ ಪಿಸುಮಾತು, ಕುರ್ಚಿಯ ಕಿರುಗುಟ್ಟು, ಮಾಸ್ಟ್ರ "ಇನ್ನೊಮ್ಮೆ, ಇನ್ನೊಮ್ಮೆ" ಕೇಳುತ್ತಿತ್ತು. ಬಸ್ಸಿನ ಹಳೇ ಕತೆಗಳನ್ನು ಇನ್ನೊಮ್ಮೆ ಹೇಳಿಸುತ್ತಿದ್ದಾರೆ ಎಂದುಕೊಳ್ಳುತ್ತಿದ್ದೆ.

ಕಳೆದ ಮಳೆಗಾಲ ಮುಗಿಯುವಾಗ ಮಾಸ್ಟ್ರು ಹೋಗಿಬಿಟ್ಟರು. ಬೆಳಗಿನ ನಮಾಜು ಮುಗಿಸಿ ಬಂದು ಎದೆನೋವು ಎಂದರಂತೆ, ಅಷ್ಟೇ. ಊರಿಗೆಲ್ಲ ಬಿಡುವು ಕಲಿಸಿದ ಮನುಷ್ಯ ತನಗೊಂದು ಲೈಟ್ ದಿನ ಇಟ್ಟುಕೊಂಡದ್ದನ್ನು ನಾನು ನೋಡಿರಲಿಲ್ಲ. ಅದನ್ನು ನೆನೆದರೆ ಈಗಲೂ ಅವರ ಮೇಲೆ ಸಿಟ್ಟು ಬರುತ್ತದೆ.

ಆ ದಿನ ನನಗೆ ಲೈಟ್. ಸಂಜೆ ಅಂಗಳ ಸುಮ್ಮನಿತ್ತು. ನನ್ನ ಅಂಗೈಯಲ್ಲೂ ಆಗಲೇ ಜಡ್ಡುಗಳಿದ್ದವು. ಎಣ್ಣೆ ಸವರಿಕೊಂಡು ಯಜಮಾನರ ಎದುರು ನಿಂತು "ಒಂದು, ಎರಡು" ಎಂದೆ. ಅವರು ಬಾಗಿಲನ್ನೇ ನೋಡುತ್ತಿದ್ದರು. ಕಣ್ಣು ತುಂಬಿತ್ತು. ಆಮೇಲೆ "ಮೂರು" ಎಂದರು, ಸ್ಪಷ್ಟವಾಗಿ. ಎಡಗೈಯಲ್ಲಿ ಕುರ್ಚಿಯ ತೋಳು ಹಿಡಿದು, ಎಡಗಾಲನ್ನು ನೆಲಕ್ಕೊತ್ತಿ ಮೇಲೆದ್ದರು. ನನ್ನ ಕೈಗೆ ಬಂದದ್ದು ಅರ್ಧ ಭಾರ.

"ಇದು ಯಾವಾಗ ಕಲ್ತದ್ದು ನೀವು?"

ಮಂಚದಲ್ಲಿ ಕುಳಿತು ಏದುಸಿರು ಬಿಡುತ್ತಾ ಹೇಳಿದರು: "ನೀನು ಚಾ ಮಾಡುವಾಗ. ಮಾಸ್ಟ್ರು ಹೇಳಿದ್ರು... ನಾನು ಬಾರದ ದಿನ ಬಂದ್ರೆ... ಅವಳ ಲೈಟ್ ದಿನ... ನಿಮಗೆ ಹೆವಿ."

ನಾನು ಅವರ ಪಕ್ಕದಲ್ಲೇ ಕುಳಿತು ಅತ್ತುಬಿಟ್ಟೆ. ಎಷ್ಟೋ ಕಾಲದ ದಣಿವೆಲ್ಲ ಅಳುವಾಗಿ ಬಂತು.

ಈಗ ದಿನ ಬಿಟ್ಟು ದಿನ, ನನ್ನ ಲೈಟ್ ದಿನದ ಸಂಜೆ, ಅವರು ಬೆವರುತ್ತಾರೆ. ಮರುದಿನ ಹಾಯಾಗಿ ಪೂರ್ತಿ ಭಾರವನ್ನು ನನ್ನ ಮೇಲೆ ಬಿಡುತ್ತಾರೆ. ಗದರಿಸಿದರೆ "ಇವತ್ತು ನನಗೆ ಲೈಟ್" ಎನ್ನುತ್ತಾರೆ. ಇವತ್ತು ನನ್ನ ಹೆವಿ ದಿನ. ಅಂಗಡಿಯಿಂದ ಬಂದು ಕಾಲು ಚಾಚಿ ಕುಳಿತಿದ್ದೇನೆ, ಏಳಲು ಮನಸ್ಸಿಲ್ಲ. ಒಳಗಿನಿಂದ ಅವರು ಆಗಲೇ "ಒಂದು" ಎಂದಿದ್ದಾರೆ. ಎಣ್ಣೆಯ ಬಾಟಲಿ ಎಲ್ಲಿಟ್ಟೆನೋ, ಹುಡುಕಬೇಕು.