ಎರಡನೇ ಲಿಫ್ಟರ್ ಜಂಪಣ್ಣ

ಹಿರಿಯೂರಿನ ವಾಲಿಬಾಲ್ ಪಂದ್ಯದಲ್ಲಿ ಕೋಚ್ ಗುಡ್ಡಪ್ಪ "ಜಂಪಣ್ಣ, ಇಳಿಯಲೇ!" ಎಂದು ಕೂಗಿದೊಡನೆ ಜಂಪಣ್ಣ ಎದ್ದು ಟ್ರ್ಯಾಕ್ ಪ್ಯಾಂಟನ್ನು ಒಂದೇ ಏಟಿಗೆ ಕಿತ್ತೆಸೆದ. ಒಳಗಿದ್ದದ್ದು ಪಟ್ಟೆಪಟ್ಟೆಯ ಚಡ್ಡಿ, ಇಳಿಬಿದ್ದ ಲಾಡಿ ಸಮೇತ. ಹನ್ನೊಂದು ವರ್ಷದಿಂದ ಯಾರೂ ಕರೆಯದ ಕಾರಣ ಆಟದ ನಿಕ್ಕರು ಹಾಕಿಕೊಳ್ಳುವುದನ್ನೇ ಆತ ಬಿಟ್ಟಿದ್ದ. ಬೇರೆಯವರ ನಿಕ್ಕರು ಕಡ ತರುವಷ್ಟರಲ್ಲಿ ಮೊದಲ ಲಿಫ್ಟರ್ ಗೋವಿಂದಪ್ಪನ ಸೆಳೆತ ಹಿಡಿದಿದ್ದ ಕಾಲು ಬಿಟ್ಟುಕೊಂಡು, ಅವನೇ ಮತ್ತೆ ಆಟಕ್ಕೆ ನಿಂತಿದ್ದ.

ಶ್ರೀರಾಂಪುರದ ಜಂಪಣ್ಣನಿಗೆ ಚಿತ್ರದುರ್ಗದ ಮಿಲ್ಲೊಂದು ಕೆಲಸ ಕೊಟ್ಟದ್ದೇ ಆಡಲೆಂದು. ಆದರೆ ಹೊಡೆಯುವವನಿಗೆ ಚೆಂಡೆತ್ತಿ ಕೊಡುವ ಲಿಫ್ಟರ್ ತಂಡಕ್ಕೆ ಒಬ್ಬನೇ ಸಾಕು. ಗೋವಿಂದಪ್ಪನಿಗೋ ನೆಗಡಿ ಕೂಡ ಬರುತ್ತಿರಲಿಲ್ಲ.

"ಬೆಂಚಿನಾಗೆ ಬೇರು ಬಿಟ್ಟೀಯೇನಲೇ?" ಎಂದು ಗೆಳೆಯರು ಛೇಡಿಸುವರು.

"ಒಂದ್ಸಲ ಇಳಿಸ್ರಿ, ಆಮೇಲೆ ಮಾತಾಡ್ರಿ," ಎನ್ನುವನು ಜಂಪಣ್ಣ. ಅವನಿಗಿದ್ದದ್ದು ಅದೊಂದೇ ಆಸೆ.

ಹಿರಿಯೂರಿನ ಪಂದ್ಯದ ಮರುವರ್ಷ, ಸಾವಿರದ ಒಂಬೈನೂರ ಎಪ್ಪತ್ನಾಲ್ಕರಲ್ಲಿ, ಹೊಳಲ್ಕೆರೆ ಫೈನಲ್ ಶುರುವಾಗುವ ಮೊದಲೇ ಗೋವಿಂದಪ್ಪನ ಬೆರಳು ಮುರಿಯಿತು. ಜಂಪಣ್ಣ ಐದೂ ಸೆಟ್ ಆಡಿ ಕಪ್ ಗೆಲ್ಲಿಸಿದ. ಜನ ಅವನನ್ನು ಹೆಗಲ ಮೇಲೆ ಹೊತ್ತು ಕುಣಿದರು.

ಗುಡ್ಡಪ್ಪ ಕಣ್ಣೊರೆಸಿಕೊಂಡು ಕೇಳಿದ: "ಇನ್ನು ಮುಂದೆ ನೀನೇ ಫಸ್ಟ್ ಲಿಫ್ಟರ್. ಏನಂತೀಯಪ್ಪ?"

ಜಂಪಣ್ಣ ಸೊಂಟ ನೀವಿಕೊಂಡ. "ಬ್ಯಾಡ್ರಿ ಸಾರ್. ಒಳಗೆ ನಿಂತ್ರೆ ಆಟ ಕಾಣಾದೇ ಇಲ್ಲ."